ಒಂದೇ ಹಾಡಿನ ಆಲ್ಬಮ್ ಅಲ್ಲ

ನಮಸ್ಕಾರ. ಹೋದ ಸಂಚಿಕೆ ನೋಡಿದ ಒಬ್ಬರು ಇಂಗ್ಲೆಂಡಿನ ರಾಕ್ ಗಾಯಕ ಪೀಟರ್ ಗೇಬ್ರಿಯಲ್ ಬಗ್ಗೆ ಹೀಗೆ ಬರೆದಿದ್ದಾರೆ: ‘ಅವರ ಮೊದಲ ಆಲ್ಬಮ್‌ನಲ್ಲಿ ಇರುವುದು ಒಂದೇ ಹಾಡು, ಉಳಿದದ್ದೆಲ್ಲ ಹೊಟ್ಟು.’ ಮೂರು ದಿನದಿಂದ ಆ ಮಾತು ನನ್ನನ್ನು ಕೊರೆಯುತ್ತಿದೆ. ಹೊಟ್ಟೇ? ನಿನ್ನೆ ರಾತ್ರಿ ಅದರ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ತೆಗೆದು, ಧೂಳು ಒರೆಸಿ, ಎರಡೂ ಮಗ್ಗುಲು ಕೇಳಿದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಕೇಳಿದೆ. ಇದು ಒಂದೇ ಹಾಡಿನ ಆಲ್ಬಮ್ ಅಲ್ಲ.

ಆ ‘ಒಂದು ಹಾಡು’ ಸಾಲ್ಸ್‌ಬರಿ ಹಿಲ್. ಇಂಗ್ಲೆಂಡಿನ ಬಾತ್ ಪಟ್ಟಣದ ಪಕ್ಕದ ಗುಡ್ಡದ ಹೆಸರು ಅದು. 1975ರಲ್ಲಿ ಜೆನೆಸಿಸ್ ರಾಕ್ ತಂಡವನ್ನು ಬಿಟ್ಟ ಗೇಬ್ರಿಯಲ್ 1977ರಲ್ಲಿ ಒಂಟಿಯಾಗಿ ಬಂದು ಅದನ್ನು ಹಾಡಿದರು. ಏಳು ಎಣಿಕೆಯ ನಡೆ. ನಮ್ಮ ಕರ್ನಾಟಕ ಸಂಗೀತದ ಮಿಶ್ರಚಾಪು ತಾಳದಲ್ಲಿ ಪಳಗಿದ ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ. ನನಗೂ ಅದು ಪ್ರಾಣ. ಆದರೆ ತಟ್ಟೆಯಲ್ಲಿ ಅದು ಎರಡನೆಯ ಹಾಡು, ಸ್ವಾಮಿ! ಅದರ ನಂತರ ಸೂಜಿ ಎತ್ತಿಬಿಟ್ಟರೆ ಏನು ಕೇಳಿದ ಹಾಗಾಯಿತು?

ಮೊದಲ ಮಗ್ಗುಲಿನ ಕೊನೆಗೆ ಹಮ್‌ಡ್ರಮ್ ಎಂಬ ಹಾಡಿದೆ. ಪಿಸುಮಾತಿನಂತೆ ಶುರುವಾಗಿ, ಕೋಣೆ ತುಂಬುವಷ್ಟು ಬೆಳೆದು ನಿಲ್ಲುತ್ತದೆ. ಆಮೇಲೆ ಸೂಜಿ ಒಳಸುತ್ತಿನಲ್ಲಿ ಚರಚರ ಎನ್ನುತ್ತದೆ. ನೀವು ಎದ್ದು ತಟ್ಟೆಯನ್ನು ತಿರುಗಿಸಬೇಕು. ಆ ಅರ್ಧ ನಿಮಿಷದ ಮೌನ ಇಲ್ಲದೆ ಎರಡನೆಯ ಮಗ್ಗುಲಿನ ಮೊದಲ ಹಾಡು ಸ್ಲೋಬರ್ನ್ ಹಾಗೆ ಎರಗುವುದಿಲ್ಲ. ಮೊಬೈಲಿನಲ್ಲಿ ಒಂದು ಹಾಡು ಕೇಳಿ ತೀರ್ಪು ಕೊಡುವವರಿಗೆ ಈ ಮೌನವೇ ಸಿಗುವುದಿಲ್ಲ. ಒಂದೇ ಹಾಡಂತೆ!

‘ಆಲ್ಬಮ್‌ನ ನಿರ್ಮಾಪಕ ಬಾಬ್ ಎಜ್ರಿನ್ ಅತಿಯಾಗಿ ಅಲಂಕರಿಸಿದರು’ ಎನ್ನುತ್ತಾರೆ. ಹೌದು, ಡೌನ್ ದ ಡೋಲ್ಚೆ ವೀಟಾ ಹಾಡಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಬಂದಿದೆ. ಬರಲಿ! ಕೊನೆಯ ಹಾಡಾದ ಹಿಯರ್ ಕಮ್ಸ್ ದ ಫ್ಲಡ್ ಅನ್ನು ಗೇಬ್ರಿಯಲ್ 1979ರಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಅವರ ಆಲ್ಬಮ್‌ಗಾಗಿ ಸರಳವಾಗಿ ಮತ್ತೆ ಹಾಡಿದರು. ಅದನ್ನು ತೋರಿಸಿ ‘ನೋಡಿ, ಇದೇ ಸರಿ’ ಎನ್ನುವವರಿಗೆ ನನ್ನದು ಒಂದೇ ಮಾತು: ಪ್ರವಾಹದ ಹಾಡು ಉಕ್ಕದೆ ಇನ್ನೇನು ಮಾಡಬೇಕು? ಎರಡನೆಯ ಮಗ್ಗುಲಿನ ಅಷ್ಟೂ ಭಾರ ಹೊತ್ತು ಬಂದವರಿಗೆ ಆ ಉಕ್ಕು ಬೇಕೇ ಬೇಕು.

ಆಲ್ಬಮ್‌ನ ಹೊದಿಕೆಯನ್ನಾದರೂ ನೋಡಿದ್ದೀರಾ? ಹಿಪ್ನೋಸಿಸ್ ಎಂಬ ವಿನ್ಯಾಸ ಸಂಸ್ಥೆ ಮಾಡಿದ್ದು. ಕಾರಿನ ಮೇಲೆ ನೀರ ಹನಿಗಳು, ಗಾಜಿನ ಹಿಂದೆ ಮುಖ. ಹನ್ನೆರಡು ಅಂಗುಲದ ಹೊದಿಕೆಯ ಆ ಹನಿಗಳನ್ನು ಹೆಬ್ಬೆರಳಿನಷ್ಟು ಪರದೆಯಲ್ಲಿ ಕಂಡು ‘ಹೊಟ್ಟು’ ಎನ್ನುತ್ತಾರೆ!

ಇಲ್ಲ, ಒಪ್ಪುವುದಿಲ್ಲ. ಒಂದೇ ಹಾಡಿನದಲ್ಲ. ಅಲ್ಲವೇ ಅಲ್ಲ. ಬರೆದವರೇ, ಒಂಬತ್ತೂ ಹಾಡುಗಳನ್ನು ಕೇಳಿ ಬನ್ನಿ, ಮಾತಾಡೋಣ. ಚಾನೆಲ್‌ಗೆ ಚಂದಾದಾರರಾಗಿ, ಗಂಟೆಯ ಗುರುತನ್ನು ಒತ್ತಿ. ಮುಂದಿನ ವಾರ 1978ರ ಎರಡನೆಯ ಆಲ್ಬಮ್. ಮೊದಲನೆಯದರ ಹಾಗೆ ಅದರ ಹೆಸರೂ ಪೀಟರ್ ಗೇಬ್ರಿಯಲ್ ಎಂದೇ. ಅದರಲ್ಲಿಯೂ ಒಂದೇ ಹಾಡು ಎಂದು ಯಾರಾದರೂ ಬರೆದರೆ, ಎರಡು ಗಂಟೆಯ ಸಂಚಿಕೆ ಮಾಡುತ್ತೇನೆ.