ಚಿಮಣಿಯಿಂದ ಇಳಿದ ಏಳು ಮೂಟೆ

ಈ ವಿಡಿಯೋದಲ್ಲಿ ಇದ್ದಿಲ ಗೊಂಬೆಯ ಹಾಗೆ ನಿಂತಿರುವುದು ನಾನೇ, ಗಾಬರಿಯಾಗಬೇಡಿ. ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸ್‌ನಲ್ಲಿರುವ ನಮ್ಮ ಸಾಲುಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. ಕಲ್ಲಿದ್ದಲಿಗೆಂದು ಕಟ್ಟಿದ ಚಿಮಣಿಗೆ ಕಟ್ಟಿಗೆಯ ಸ್ಟೌವ್ ಕೂರಿಸುತ್ತಿದ್ದೇವೆ. ಹಲಗೆ ಕಿತ್ತದ್ದು, ಧೂಳು ಕುಡಿದದ್ದು ಕಾಣುತ್ತಲೇ ಇದೆ, ಬಿಡಿ.

ಈ ಮೂಟೆಗಳನ್ನು ನೋಡಿ. ಏಳು! ಒಂದೇ ಗೂಡು. ಜ್ಯಾಕ್‌ಡಾ ಎಂಬ ಹಕ್ಕಿಯದು. ಕಾಗೆಯ ದಾಯಾದಿ, ಬಿಳಿಚು ಕಣ್ಣು. ಇದಕ್ಕೆ ನೇಯ್ಗೆ ಗೀಯ್ಗೆ ಗೊತ್ತಿಲ್ಲ. ಮೇಲಿನಿಂದ ಕಡ್ಡಿ ಹಾಕುತ್ತದೆ, ಒಂದು ಎಲ್ಲೋ ಅಡ್ಡ ಸಿಕ್ಕಿಕೊಳ್ಳುವ ತನಕ ಹಾಕುತ್ತಲೇ ಇರುತ್ತದೆ, ಆಮೇಲೆ ಅದರ ಮೇಲೆ ಕುರಿಯ ಉಣ್ಣೆ ಹಾಸುತ್ತದೆ. ಉಣ್ಣೆಯ ನಡುವೆ ಬಟ್ಟೆಗೆ ಹಾಕುವ ನೀಲಿ ಕ್ಲಿಪ್ಪೊಂದು ಸಿಕ್ಕಿತು. ನಮ್ಮದೇ. ಸ್ಟೌವ್ ಮೇ ತಿಂಗಳಲ್ಲೇ ಬಂದಿತ್ತು. ಆದರೆ ಮರಿಗಳಿರುವ ಗೂಡನ್ನು ಕೀಳುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಸೆಪ್ಟೆಂಬರ್‌ವರೆಗೆ ನಡುಮನೆಯಲ್ಲಿ ಆ ಕಬ್ಬಿಣದ ಗುಂಡನ್ನು ಸುತ್ತಿ ಬಳಸಿ ಓಡಾಡಿದೆವು. ಕಿರುಬೆರಳನ್ನು ಎರಡು ಸಲ ಜಜ್ಜಿಕೊಂಡೆ. ಆಗ ಹಕ್ಕಿಗಳಿಗೆ ಶಾಪ ಹಾಕಿದ್ದಕ್ಕೆ ಲೆಕ್ಕವಿಲ್ಲ. ಈಗ ಬೆಳಿಗ್ಗೆ ಅವುಗಳ ಗಲಾಟೆಯಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಇದು ಹೊಗೆ ಪರೀಕ್ಷೆ. ಕೆಳಗೆ ಹೊಗೆಬಿಲ್ಲೆ ಹಚ್ಚಿ, ಮೇಲಿನ ಬಾಯಿ ಮುಚ್ಚಿದರು. ಹೊಗೆ ಎಲ್ಲಿ ಬಂತು ಹೇಳಿ? ಮಹಡಿಯಲ್ಲಿ, ನಾವು ಮಲಗುವ ಕೋಣೆಯ ಗೋಡೆಯಿಂದ! ಒಳಗಿನ ಹಳೆಯ ಗಾರೆ ಉದುರಿಹೋಗಿದೆ. ಇಂಗ್ಲೆಂಡಿನಲ್ಲಿ ಸ್ಟೌವ್ ಕೂರಿಸುವ ಕೆಲಸವನ್ನು ನೋಂದಾಯಿತ ಕೆಲಸಗಾರರಿಂದ ಮಾಡಿಸಬೇಕು, ಇಲ್ಲವೇ ಕೌನ್ಸಿಲ್‌ಗೆ ಮೊದಲೇ ತಿಳಿಸಿ ತಪಾಸಣೆ ಮಾಡಿಸಬೇಕು. ಅದೆಲ್ಲ ದುಡ್ಡು ಕೀಳುವ ದಾರಿ ಎಂದು ಹಿಂದಿನ ವಿಡಿಯೋದಲ್ಲಿ ಕೂಗಾಡಿದ್ದೆನಲ್ಲ, ಆ ಮಾತನ್ನು ನುಂಗಿಕೊಂಡಿದ್ದೇನೆ.

ಹಾವಿನಂತೆ ಇಳಿಯುತ್ತಿರುವುದು ಸ್ಟೇನ್‌ಲೆಸ್ ಸ್ಟೀಲಿನ ಒಳಕೊಳವೆ. ಇನ್ನು ಹೊಗೆ ಇದರೊಳಗೇ ಹೋಗುತ್ತದೆ, ಗೋಡೆಯ ಸಂದಿಗೆ ನುಗ್ಗುವುದಿಲ್ಲ. ಮೈಮೇಲಿನ ಬಾಣ ಕಂಡಿತೇ? ಅದು ಮೇಲ್ಮುಖವಾಗಿಯೇ ಇರಬೇಕು. ತಲೆಕೆಳಗಾಗಿ ಹಾಕಿದರೆ ಒಳಗೆ ಇಳಿಯುವ ಜಿಡ್ಡುನೀರು ಪದರಗಳ ಸಂದಿಗೆ ಸೇರುತ್ತದೆ.

ಅಮ್ಮ ಫೋನಿನಲ್ಲಿ, "ಒಂದು ಒಲೆಗೆ ಇಷ್ಟು ರಾಮಾಯಣವೇನೋ?" ಎಂದು ನಕ್ಕರು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಚಿಮಣಿ ಎಲ್ಲಿತ್ತು? ಹೊಗೆ ಹೆಂಚಿನ ಸಂದಿಯಿಂದ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು, ಅಟ್ಟದ ತುಂಬ ಇಲ್ಲಣ. ಅಜ್ಜಿ ಊದುಗೊಳವೆ ಹಿಡಿದು ಕೆಮ್ಮಿದ್ದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಅದಿರಲಿ, ಇಲ್ಲಿ ಕಿಟಕಿಗೆ ಎರಡೆರಡು ಗಾಜು, ಗಾಳಿ ಆಡುವುದಿಲ್ಲ. ಉರಿಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಗೋಡೆಯ ಮೇಲೆ ಅದು ಸೋರಿದರೆ ಕೂಗಿ ಎಚ್ಚರಿಸುವ ಆ ಬಿಳಿ ಡಬ್ಬಿ, ಸ್ಟೌವ್‌ನಿಂದ ಒಂದರಿಂದ ಮೂರು ಮೀಟರ್ ಒಳಗೆ... ಅಯ್ಯೋ, ದೃಶ್ಯ ಮುಗಿಯಿತು.

ಮೊದಲ ಬೆಂಕಿ! ಶೇಕಡಾ 20ಕ್ಕಿಂತ ಕಡಿಮೆ ತೇವದ ನಾಲ್ಕೇ ಸೀಳು ಕಟ್ಟಿಗೆ. ಹೊಸ ಸ್ಟೌವಿನ ಬಣ್ಣ ಕಾದು ನಾತ ಹೊಡೆಯುತ್ತದೆ, ಕಿಟಕಿ ತೆರೆದಿಡಿ ಎಂದಿದ್ದರು. ತೆರೆದಿದ್ದೇವೆ, ಎಲ್ಲವನ್ನೂ. ಉರಿಯುವ ಒಲೆಯ ಮುಂದೆ ಸ್ವೆಟರ್, ಟೋಪಿ ಹಾಕಿಕೊಂಡು ನಡುಗುತ್ತಾ ಕುಳಿತಿರುವ ಇಬ್ಬರೂ ನಾವೇ.