ಹಳೇ ವಾಯ್ಸ್‌ಮೇಲ್ ಪೆಟ್ಟಿಗೆಯ ಪಾಸ್‌ವರ್ಡ್ ಗೊತ್ತಿಲ್ವಾ? ಮೊದಲು ಸ್ವಿಚ್ ಮೇಲಿಂದ ಕೈ ತೆಗೆಯಿರಿ

ನಮಸ್ಕಾರ. ಯಾರೂ ಫೋನ್ ಎತ್ತದಿದ್ದಾಗ ಕರೆ ಮಾಡಿದವರ ಮಾತನ್ನು ಉಳಿಸಿಡುವ ವಾಯ್ಸ್‌ಮೇಲ್ ಬಗ್ಗೆ ಒಬ್ಬ ವೀಕ್ಷಕರು ಕೇಳಿದ್ದಾರೆ: "ಆಫೀಸಿನಲ್ಲಿ ಹಳೇ ವಾಯ್ಸ್‌ಮೇಲ್ ಸಿಸ್ಟಮ್ ಇನ್ನೂ ನಡೀತಿದೆ. ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋದರು. ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಆಫ್ ಮಾಡಿ ಆನ್ ಮಾಡಿದರೆ ರೀಸೆಟ್ ಆಗುತ್ತಾ?"

ಕೊನೆಯ ಸಾಲು ಓದಿ ನನ್ನ ಎದೆ ಝಲ್ ಎಂದಿತು. ದಯವಿಟ್ಟು ಆಫ್ ಮಾಡಬೇಡಿ!

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಸಂಶೋಧಕ ಗಾರ್ಡನ್ ಮ್ಯಾಥ್ಯೂಸ್ ವಾಯ್ಸ್‌ಮೇಲ್ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1979ರಲ್ಲಿ, ಅದು ಸಿಕ್ಕಿದ್ದು 1983ರಲ್ಲಿ. ಆಮೇಲೆ ಆಕ್ಟೆಲ್, ನಾರ್ಟೆಲ್‌ನಂಥ ಕಂಪನಿಗಳ ಪೆಟ್ಟಿಗೆಗಳು ಆಫೀಸುಗಳಲ್ಲಿ ಕೂತವು. ಆಕ್ಟೆಲ್ 1997ರಲ್ಲಿ ಲೂಸೆಂಟ್ ಎಂಬ ಕಂಪನಿಯ ಕೈಗೆ ಹೋಯಿತು. ನಾರ್ಟೆಲ್ 2009ರಲ್ಲಿ ದಿವಾಳಿ ಅರ್ಜಿ ಹಾಕಿತು. ಪೆಟ್ಟಿಗೆ ಉಳಿಯಿತು, ಕೇಳೋಣವೆಂದರೆ ತಯಾರಕರೇ ಇಲ್ಲ.

[ಪರದೆಯಲ್ಲಿ: ಮುಚ್ಚಳ ತೆಗೆದ ಹಾರ್ಡ್ ಡಿಸ್ಕ್]

ಆ ಪೆಟ್ಟಿಗೆಯೊಳಗೆ ಮೆಸೇಜ್‌ಗಳು ಕೂತಿರುವುದು ಇಂಥ ಹಾರ್ಡ್ ಡಿಸ್ಕ್‌ನಲ್ಲಿ. ಈಗ ಇದನ್ನು ಹತ್ತಿರದಿಂದ ನೋಡಿ. ಈ ತಟ್ಟೆ ತಿರುಗುವಾಗ, ಅದರ ಮೇಲೆ ಓದುವ, ಬರೆಯುವ ಪುಟ್ಟ ಹೆಡ್ ಗಾಳಿಯಲ್ಲಿ ತೇಲುತ್ತದೆ. ನಡುವಿನ ಸಂದು ಒಂದು ಕೂದಲಿನ ದಪ್ಪಕ್ಕಿಂತ ನೂರಾರು ಪಾಲು ಕಡಿಮೆ. ಕರೆಂಟ್ ಹೋದರೆ ತಟ್ಟೆ ನಿಲ್ಲುತ್ತದೆ. ಆ ಕಾಲದ ಬಹಳಷ್ಟು ಡಿಸ್ಕ್‌ಗಳಲ್ಲಿ ಹೆಡ್ ಆಗ ಸೀದಾ ತಟ್ಟೆಯ ಮೇಲೇ ಬಂದು ಕೂರುತ್ತದೆ.

ಒದ್ದೆಯಾದ ಎರಡು ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ್ದೀರಾ? ಎಷ್ಟು ಎಳೆದರೂ ಬಿಡಲ್ಲ, ಅಲ್ವಾ? ಇಲ್ಲೂ ಹಾಗೇ. ತಟ್ಟೆಯೂ ನುಣುಪು, ಹೆಡ್ಡೂ ನುಣುಪು, ನಡುವೆ ಜಾರಲೆಂದು ಹಾಕಿದ ತೆಳು ಎಣ್ಣೆಯ ಪದರ. ವರ್ಷಗಟ್ಟಲೆ ಓಡಿದ ಡಿಸ್ಕ್ ತಣ್ಣಗಾದ ಮೇಲೆ ಎರಡೂ ಅಂಟಿಕೊಳ್ಳಬಹುದು. ದಣಿದ ಮೋಟರಿಗೆ ಅದನ್ನು ಬಿಡಿಸುವ ಶಕ್ತಿ ಇರಲ್ಲ. ಇದಕ್ಕೆ ಸ್ಟಿಕ್ಷನ್ ಎನ್ನುತ್ತಾರೆ. ಹತ್ತಾರು ವರ್ಷ ನಿಲ್ಲದೆ ದುಡಿದ ಯಂತ್ರ, ಸ್ವಲ್ಪ ಹೊತ್ತಿನ ವಿಶ್ರಾಂತಿಯಿಂದ ಸಾಯಬಹುದು. ನನಗೆ ಇದು ಪ್ರತಿ ಸಲವೂ ಸಂಕಟ ತರುವ ವಿಷಯ.

ಹಾಗಾಗಿ ಓಡುತ್ತಿರುವಾಗಲೇ ಸಿಗುವುದನ್ನೆಲ್ಲ ಉಳಿಸಿಕೊಳ್ಳಿ. ಇದಕ್ಕೆ ಪಾಸ್‌ವರ್ಡ್ ಬೇಕಿಲ್ಲ! ಆಫೀಸಿನ ಒಂದೊಂದೇ ಒಳ ನಂಬರಿಗೆ, ಅಂದರೆ ಎಕ್ಸ್‌ಟೆನ್ಷನ್‌ಗೆ, ಫೋನ್ ಮಾಡಿ, ಯಾರೂ ಎತ್ತದಿದ್ದಾಗ ಬರುವ ಗ್ರೀಟಿಂಗ್ ರೆಕಾರ್ಡ್ ಮಾಡಿ. ಮುಖ್ಯ ನಂಬರಿಗೆ ಕರೆ ಮಾಡಿ, ಯಾವ ಅಂಕಿ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಸಿಬ್ಬಂದಿಗೆ ಹೇಳಿ, ಬೇಕಾದ ಮೆಸೇಜ್‌ಗಳನ್ನು ಅವರವರೇ ಕೇಳಿ ಇಳಿಸಿಕೊಳ್ಳಲಿ.

ಈಗ ಪಾಸ್‌ವರ್ಡ್. ಪೆಟ್ಟಿಗೆ ನಿಮ್ಮದಾಗಿರಬೇಕು, ಇಲ್ಲವೇ ಮಾಲೀಕರ ಒಪ್ಪಿಗೆ ಬರಹದಲ್ಲಿರಬೇಕು. ಅದರೊಳಗೆ ಇರುವುದು ಬೇರೆಯವರ ಮಾತು. ಮೊದಲು ಪೆಟ್ಟಿಗೆಯ ಬಾಗಿಲಿನ ಒಳಬದಿ ನೋಡಿ, ಕೂರಿಸಿದವರು ಚೀಟಿ ಅಂಟಿಸಿ ಹೋಗಿರಬಹುದು. ಹಳೇ ಫೈಲು, ಬಿಲ್ಲು ಹುಡುಕಿ, ಆಗಿನ ಡೀಲರ್ ಸಿಕ್ಕರೆ ಫೋನ್ ಮಾಡಿ. ಆ ಮಾಡೆಲ್‌ನ ಮ್ಯಾನುಯಲ್‌ನಲ್ಲಿ ಕಂಪನಿಯೇ ಮೊದಲು ಇಟ್ಟ ಡೀಫಾಲ್ಟ್ ಪಾಸ್‌ವರ್ಡ್ ಮುದ್ರಿಸಿರುವುದುಂಟು. ಸೀರಿಯಲ್ ಪೋರ್ಟ್ (ಕಂಪ್ಯೂಟರ್ ಜೋಡಿಸುವ ಹಳೇ ಕಿಂಡಿ) ಇದ್ದರೆ, ಎರಡು ಯಂತ್ರಗಳನ್ನು ನೇರವಾಗಿ ಜೋಡಿಸುವ ನಲ್ ಮೋಡೆಮ್ ಕೇಬಲ್‌ನಿಂದ ಕಂಪ್ಯೂಟರ್ ಜೋಡಿಸಿ, ಡೇಟಾ ವೇಗವನ್ನು 9600 ಬಾಡ್‌ನಿಂದ ಶುರು ಮಾಡಿ.

[ಸಮಯ ಕಡಿಮೆ ಇದೆ, ಉಳಿದದ್ದು ಒಟ್ಟಿಗೆ]

ಯಾವುದೂ ಆಗಲಿಲ್ಲವೆಂದರೆ ಮಾತ್ರ ಆಫ್ ಮಾಡಿ. ಡಿಸ್ಕ್ ತೆಗೆದು, ಬೇರೇನೂ ಮಾಡುವ ಮೊದಲು ಅದರ ಪೂರ್ತಿ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ನಕಲು, ತೆಗೆಯಿರಿ. ರೀಸೆಟ್, ಮರು ಇನ್‌ಸ್ಟಾಲ್ ಎಲ್ಲ ನಕಲಿನ ಮೇಲೆ ಮಾಡಿ. ದನಿ ರೆಕಾರ್ಡ್ ಮಾಡುವ ಡಯಲಾಜಿಕ್ ಕಂಪನಿಯ ಕಾರ್ಡ್ ಇದ್ದ ಪೆಟ್ಟಿಗೆಯಾದರೆ ಸಂದೇಶಗಳು ವಾಕ್ಸ್ (VOX) ಎಂಬ ದನಿ ಫೈಲ್‌ಗಳಾಗಿ ಸಿಗಬಹುದು. ತನ್ನ ವಿವರ ಹೇಳುವ ಹೆಡರ್ ಇಲ್ಲದ ಫೈಲು, ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರ್‌ನಲ್ಲಿ ರಾ ಡೇಟಾ ಎಂದು, VOX ADPCM ಆರಿಸಿ ತೆರೆದರೆ ದನಿ ಕೇಳುತ್ತದೆ. ಗಡಿಯಾರ ನಡೆಸುವ ಬೋರ್ಡಿನ ಬ್ಯಾಟರಿ ಬದಲಿಸಿ. ಈಗಿನ ವರ್ಷವನ್ನು ಸಿಸ್ಟಮ್ ಒಪ್ಪದಿದ್ದರೆ 28 ವರ್ಷ ಹಿಂದಕ್ಕೆ ಇಡಿ, 2026ರ ಬದಲು 1998. ವಾರ, ತಾರೀಖು ಎರಡೂ ಸರಿ ಹೊಂದುತ್ತವೆ, ರಜಾದಿನದ ಗ್ರೀಟಿಂಗ್ ತಪ್ಪಲ್ಲ.

ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ. ವಾಯ್ಸ್‌ಮೇಲ್ ಮೂಲಕ ಹೊರಗೆ ಕರೆ ಹೋಗುವ ದಾರಿ ಮುಚ್ಚಿ, ಕೆಲಸ ಬಿಟ್ಟುಹೋದವರ ಮೇಲ್‌ಬಾಕ್ಸ್ ಅಳಿಸಿ. ಕಳ್ಳರು ನಿಮ್ಮ ಲೈನಿನಿಂದ ದೂರದೇಶಕ್ಕೆ ಕರೆ ಮಾಡುವುದು ಈ ಸಂದಿನಿಂದಲೇ, ಬಿಲ್ ಬರುವುದು ನಿಮಗೆ.

ಕೊನೆಗೆ ಒಂದು ಪರೀಕ್ಷೆ. ಬೇರೆ ಫೋನಿನಿಂದ ಒಂದು ಮೆಸೇಜ್ ಬಿಡಿ. ಮೇಜಿನ ಮೇಲಿನ ಫೋನಿನಲ್ಲಿ ಕೆಂಪು ದೀಪ ಹತ್ತಬೇಕು. ಮೆಸೇಜ್ ಕೇಳಿ, ಅಳಿಸಿ. ದೀಪ ಆರಿತಾ? ಹಾಗಾದರೆ ಮುಚ್ಚಳ ಹಾಕಬಹುದು.