ಕುರುಚಲು ಕಾಡಿನ ನಕ್ಷತ್ರ ಆಮೆ

ಕೇಳುಗರಿಗೆ ನಮಸ್ಕಾರ. ಮುಂಗಾರಿನ ಮಳೆಗೆ ನೆಲ ತಣಿದಾಗ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಆಂಧ್ರದ ಕಡೆಗೆ ಹಬ್ಬಿರುವ ಕುರುಚಲು ಕಾಡುಗಳಲ್ಲಿ, ಬೇಸಿಗೆಯ ಬಿಸಿಲಿಗೆ ಪೊದೆಗಳ ಬುಡ ಸೇರಿದ್ದ ನಕ್ಷತ್ರ ಆಮೆಗಳು ಮೇವನ್ನೂ ಸಂಗಾತಿಯನ್ನೂ ಅರಸಿ ಹೊರಡುತ್ತವೆ. ದಕ್ಷಿಣ ಭಾರತದ ಒಣನಾಡಲ್ಲದೆ ಗುಜರಾತ್, ರಾಜಸ್ಥಾನ, ಅವುಗಳಿಗೆ ತಾಗಿದ ಪಾಕಿಸ್ತಾನ ಮತ್ತು ಶ್ರೀಲಂಕಾಗಳಲ್ಲಿಯೂ ಇವುಗಳ ನೆಲೆಗಳಿವೆ.

ಕಪ್ಪು ಚಿಪ್ಪಿನ ಒಂದೊಂದು ಉಬ್ಬಿನ ತುದಿಯಿಂದಲೂ ಹಳದಿ ಗೆರೆಗಳು ಕಿರಣಗಳಂತೆ ಇಳಿದಿರುತ್ತವೆ. ಅಂಗೈಯಲ್ಲಿಟ್ಟು ನೋಡಿದರೆ ಎದ್ದು ಕಾಣುವ ಈ ಚಿತ್ತಾರವೇ ಒಣಹುಲ್ಲಿನ ನೆರಳು ಬೆಳಕಿನಲ್ಲಿ ಆಮೆಯನ್ನು ಕಣ್ಣಿಗೆ ಬೀಳದಂತೆ ಮರೆಸುತ್ತದೆ. ಗುಮ್ಮಟದಂತಹ ಆಕಾರವೂ ವ್ಯರ್ಥವಲ್ಲ. ಇಂತಹ ಎತ್ತರದ ಚಿಪ್ಪಿನ ಆಮೆ ಅಂಗಾತ ಬಿದ್ದರೂ ಸುಲಭವಾಗಿ ಮಗುಚಿಕೊಳ್ಳಬಲ್ಲದೆಂದು ಹಂಗೇರಿಯ ಇಬ್ಬರು ವಿಜ್ಞಾನಿಗಳು 2008ರಲ್ಲಿ ಗಣಿತದ ಮೂಲಕ ತೋರಿಸಿದರು.

ಗಂಡಿಗಿಂತ ದೊಡ್ಡದಾಗಿ ಬೆಳೆಯುವ ಹೆಣ್ಣು, ಗಟ್ಟಿ ಮಣ್ಣನ್ನು ತನ್ನ ಮೂತ್ರದಿಂದಲೇ ಮೆತ್ತಗೆ ಮಾಡಿ, ಹಿಂಗಾಲುಗಳಿಂದ ಗುಳಿ ತೋಡಿ, ಕೆಲವೇ ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಮರಿಗಳು ಹೊರಬರಲು ತಿಂಗಳುಗಳು ಬೇಕು. ಪ್ರಾಯಕ್ಕೆ ಬರಲು ವರ್ಷಗಳೇ ಬೇಕು. ಇಷ್ಟು ನಿಧಾನವಾಗಿ ಸಂತತಿ ಬೆಳೆಸುವ ಜೀವಿಯನ್ನು ಚೀಲಗಟ್ಟಲೆ ಹೊತ್ತೊಯ್ಯುತ್ತಿರುವುದು ನನ್ನನ್ನು ಬಹಳವಾಗಿ ನೋಯಿಸುತ್ತದೆ. ಭಾರತದ ಒಂದೇ ವ್ಯಾಪಾರ ನೆಲೆಗಾಗಿ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಹಿಡಿಯಲಾಗುತ್ತಿದೆಯೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಸಾಕುಪ್ರಾಣಿಯ ಮೋಹದಿಂದಲೋ, ಮನೆಯಲ್ಲಿದ್ದರೆ ಅದೃಷ್ಟವೆಂಬ ನಂಬಿಕೆಯಿಂದಲೋ ಇವುಗಳನ್ನು ಕೊಳ್ಳುವವರಿದ್ದಾರೆ.

ಕಾನೂನು ಈಗ ಬಿಗಿಯಾಗಿದೆ. 2019ರಲ್ಲಿ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಮೊದಲ ಅನುಬಂಧಕ್ಕೆ ಸೇರಿದ ಈ ಆಮೆ, ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಗೂ ಬಂದಿದೆ.

ಆದರೆ ವಶಪಡಿಸಿಕೊಂಡ ಆಮೆಗಳನ್ನು ಕಾಡಿಗೆ ಮರಳಿಸುವುದು ಅಷ್ಟು ಸುಲಭವಲ್ಲ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ಆಮೆಗಳನ್ನು ಕರ್ನಾಟಕಕ್ಕೆ ಕರೆತಂದಾಗ, ಅವುಗಳನ್ನು ಒಮ್ಮೆಲೇ ಬಿಡದೆ, ಹೊಸ ನೆಲಕ್ಕೆ ಒಗ್ಗಿಸಿ ಹಂತಹಂತವಾಗಿ ಬಿಡುವ ಯೋಜನೆ ಮಾಡಿದ್ದು ಇದೇ ಕಾರಣಕ್ಕೆ. ವಾಯುವ್ಯ ಭಾರತದ ಆಮೆಗಳಿಗೂ ದಕ್ಷಿಣದವುಗಳಿಗೂ ಆನುವಂಶಿಕ ವ್ಯತ್ಯಾಸವಿದ್ದು, ಮೂಲ ತಿಳಿಯದೆ ಬಿಟ್ಟರೆ ತಳಿಗಳು ಬೆರೆತುಹೋಗುತ್ತವೆ. ಇಕ್ಕಟ್ಟಿನ ಪೆಟ್ಟಿಗೆಗಳಲ್ಲಿ ಅಂಟಿದ ಉಸಿರಾಟದ ಕಾಯಿಲೆ ಕಾಡಿನ ಆರೋಗ್ಯವಂತ ಆಮೆಗಳಿಗೂ ಹರಡಬಹುದು. ಇದನ್ನೆಲ್ಲ ಪರೀಕ್ಷಿಸಿದ ಮೇಲೂ ಬಿಡಲು ನೆಲ ಬೇಕಲ್ಲವೇ? ದಾಖಲೆಗಳಲ್ಲಿ ಬೀಳುಭೂಮಿಯೆಂದು ಬರೆಯಲಾದ ಕುರುಚಲು ಕಾಡುಗಳು ಕಲ್ಲು ಕ್ವಾರಿಗಳಿಗೂ ನೀಲಗಿರಿ ತೋಪುಗಳಿಗೂ ಹೋಗುತ್ತಿವೆ, ಈ ಆಮೆ ಮಳೆಗಾಲದಲ್ಲಿ ಮೇಯುವ ಹುಲ್ಲು ಬೆಳೆಯುವುದು ಆ ನೆಲದಲ್ಲಿಯೇ.